ಅಂಚಿನ ಭಾರ

ಜೂನ್ ೨, ಸೋಮವಾರ

ಒಂಬತ್ತನೇ ಮಹಡಿಗೆ ಬಂದು ಬಿದ್ದೆವು. ಬಿದ್ದೆವು ಎನ್ನುವ ಮಾತನ್ನು ಇನ್ನು ಮುಂದೆ ಈ ಮನೆಯಲ್ಲಿ ಆಡಬಾರದು.

ಹಳೆಯ ಮನೆ ನೆಲದ ಮೇಲಿತ್ತು. ಬಾಗಿಲು ತೆರೆದರೆ ಬೀದಿ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಂಥ ಸ್ವರ್ಗವನ್ನು ಮಾಲೀಕರು ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾರಂತೆ. ಹೊಸ ಮನೆ ಹುಡುಕುವ ಕೆಲಸವನ್ನು ಗಂಡನಿಗೆ ಒಪ್ಪಿಸಿದ್ದು ನನ್ನ ಬುದ್ಧಿವಂತಿಕೆ. ಅವರು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಮನೆ ಹುಡುಕಿ ಅಂದರೆ ನಕ್ಷೆ ಹುಡುಕಿಕೊಂಡು ಬಂದಿದ್ದಾರೆ. ಬೆಳಗಿನಿಂದ ಬಾಲ್ಕನಿಯ ಕಂಬಿಗೆ ಹೊಟ್ಟೆ ಆನಿಸಿ ನಿಂತು, "ನೋಡು ಬಾರೇ, ಹೊಳೆ ಎಲ್ಲಿ ತಿರುಗುತ್ತೆ ಅಂತ ಇಲ್ಲಿಂದಲೇ ಕಾಣುತ್ತೆ!" ಎಂದು ಕೂಗುತ್ತಿದ್ದಾರೆ. ಹೊಳೆ ಎಲ್ಲಿ ಬೇಕಾದರೂ ತಿರುಗಲಿ. ಹೆಂಡತಿಯ ತಲೆ ತಿರುಗುವುದು ಮಾತ್ರ ಮದುವೆಯಾದಾಗಿನಿಂದ ಅವರ ಕಣ್ಣಿಗೆ ಬಿದ್ದಿಲ್ಲ.

ಇದನ್ನು ಬಚ್ಚಲಮನೆಯಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ. ಇಡೀ ಮನೆಯಲ್ಲಿ ಹೊರಗಡೆ ಕಾಣದ ಜಾಗ ಇದೊಂದೇ.

ನಾನು ಪರದೆ ಹೊಲಿಯುವವಳು. ನನ್ನ ಪರದೆಗಳಿಗೆ ಒಳ್ಳೆಯ ಹೆಸರಿದೆ. ಗುಟ್ಟು ಇಷ್ಟೇ: ಕಿಟಕಿಯನ್ನು ಕಂಡರಾಗದವಳು ಮಾತ್ರ ಒಂದೆಳೆ ಬೆಳಕೂ ನುಸುಳದ ಹಾಗೆ ಪರದೆ ಹೊಲಿಯಬಲ್ಲಳು. ಅಂಗಡಿ ನೆಲಮಹಡಿಯಲ್ಲಿದೆ. ಎತ್ತರದ ಮನೆಗಳಿಗೆ ಅಳತೆ ತರುವುದಕ್ಕೆ ಸಹಾಯಕಿ ಹೋಗುತ್ತಾಳೆ. "ಅಕ್ಕನಿಗೆ ಪುರುಸೊತ್ತಿಲ್ಲ" ಎಂದು ಗಿರಾಕಿಗಳಿಗೆ ಹೇಳುತ್ತಾಳೆ. ಹನ್ನೆರಡು ವರ್ಷದಿಂದ ನನಗೆ ಪುರುಸೊತ್ತಿಲ್ಲ.

ತಮಾಷೆ ಏನೆಂದರೆ, ನಾನು ಟವರ್ ಕ್ರೇನ್ ಓಡಿಸುತ್ತಿದ್ದವರ ಮಗಳು. ಈಗ ನಮ್ಮ ಜೊತೆಗೇ ಇರುವ ಅಪ್ಪ ಆಗ ಆಕಾಶದಲ್ಲಿ ಒಂದು ಗೂಡಿನೊಳಗೆ ಕೂತು ಅರ್ಧ ಊರನ್ನು ಎತ್ತಿ ಇಟ್ಟವರು. ಬೆಳಿಗ್ಗೆ ಹತ್ತಿದರೆ ಸಂಜೆಗೇ ಇಳಿಯುವುದು, ಊಟಕ್ಕೂ ಇಳಿಯುತ್ತಿರಲಿಲ್ಲ. ಆ ಕರ್ತವ್ಯನಿಷ್ಠೆಗೆ ಕಂಪನಿಯವರು ಕೊಟ್ಟ ಗೋಡೆ ಗಡಿಯಾರವನ್ನು ಇವತ್ತು ಎಲ್ಲಕ್ಕಿಂತ ಮೊದಲು ಮೊಳೆ ಹೊಡೆದು ತೂಗುಹಾಕಿದೆವು. ನಾನು ಏಳು ವರ್ಷದವಳಿದ್ದಾಗ ಒಂದು ದಿನ ಅಪ್ಪ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ ಕ್ರೇನಿನ ಏಣಿ ಹತ್ತಿಸಿದರು. ಮೂರನೇ ಮೆಟ್ಟಿಲಿಗೆ ನಾನು ಅಂಟಿಕೊಂಡೆ. ಅಪ್ಪ ಬೆರಳೊಂದೊಂದಾಗಿ ಬಿಡಿಸಿ ಕೆಳಗಿಳಿಸಿ, "ನಿಂಗೆ ಇದೆಲ್ಲ ಬೇಡ ಬಿಡಮ್ಮ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಆದದ್ದಾಯಿತು. ನನ್ನ ಮಗಳಿಗೆ ಮಾತ್ರ ಇದು ಬರಬಾರದು. ಅವಳಿಗೆ ಒಂಬತ್ತು ವರ್ಷ, ಮನೆಯಲ್ಲಿ ಎಲ್ಲರೂ ಚಿಲ್ಟು ಎನ್ನುತ್ತೇವೆ. ಮಕ್ಕಳು ಹೆದರಿಕೆಯನ್ನು ಕಲಿಯುವುದು ತಾಯಿಯ ಮುಖ ನೋಡಿ ಎಂದು ಎಲ್ಲೋ ಓದಿದ್ದೆ. ಹಾಗಾಗಿ ಇಂದಿನಿಂದ ನಾನು ಧೈರ್ಯವಂತೆ. ಈಗ ಬಕೆಟ್ಟಿನಿಂದ ಎದ್ದು ಹೊರಗೆ ಹೋಗಬೇಕು.

ಜೂನ್ ೪, ಬುಧವಾರ

ಬಾಲ್ಕನಿಯ ಬಾಗಿಲಿನಿಂದ ಕಂಬಿಯವರೆಗೆ ಐದು ಟೈಲ್ಸ್. ಧೈರ್ಯವಂತೆ ಎರಡನೆಯದರ ಮೇಲೆ ನಿಂತು, ಮುಖದ ಮೇಲೊಂದು ನಗು ಅಂಟಿಸಿಕೊಂಡು, ಕೈ ನೀಡಿ ಹೂಕುಂಡಕ್ಕೆ ನೀರು ಎರಚಿದಳು. ನೀರು ಕುಂಡ ಬಿಟ್ಟು ಉಳಿದ ಎಲ್ಲ ಕಡೆಗೂ ಬಿತ್ತು.

"ಅಮ್ಮ, ಯಾಕೆ ಗೋಡೆ ಹಿಡ್ಕೊಂಡಿದ್ದೀಯ?"

"ಹೊಸ ಮನೆ ಅಲ್ವಾ, ಗೋಡೆ ಗಟ್ಟಿಯಿದ್ಯಾ ಅಂತ ನೋಡ್ತಿದ್ದೆ."

"ಗಟ್ಟಿಯಿದ್ಯಾ?"

"ಇದೆ."

"ಹಾಗಾದ್ರೆ ಬಿಡು."

ಬಿಡಲಿಲ್ಲ. ಆದರೂ ನಟನೆ ಚೆನ್ನಾಗಿತ್ತು ಎಂದೇ ನನ್ನ ಅಭಿಪ್ರಾಯ. ಮಗುವಿಗೆ ಏನೂ ಗೊತ್ತಾಗಿಲ್ಲ.

ಜೂನ್ ೭, ಶನಿವಾರ

ಇಲ್ಲಿನ ಗಾಳಿಗೆ ಮಾನ ಮರ್ಯಾದೆ ಇಲ್ಲ. ಚಿಲ್ಟು ಬಾಲ್ಕನಿಗೆ ಹೋದರೆ ಲಂಗ ಕೊಡೆಯ ಹಾಗೆ ಅರಳುತ್ತದೆ. ಒಂಬತ್ತನೇ ಮಹಡಿಯ ಗಾಳಿ ಒಂಬತ್ತು ವರ್ಷದ ಮಗುವನ್ನು ಎತ್ತಿಕೊಂಡು ಹೋಗುತ್ತದೆ ಎಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಹೋಗುವುದಿಲ್ಲ ಎಂದೂ ಯಾರೂ ನನಗೆ ಬರೆದುಕೊಟ್ಟಿಲ್ಲ.

ಪರದೆ ಹಾರಾಡದೆ ನೆಟ್ಟಗೆ ಇಳಿಬೀಳಲಿ ಎಂದು ನಾವು ಕೆಳ ಅಂಚಿನ ಮಡಿಕೆಯೊಳಗೆ ಸೀಸದ ಬಿಲ್ಲೆ ಇಟ್ಟು ಹೊಲಿಯುತ್ತೇವೆ. ಹೆಬ್ಬೆರಳ ಉಗುರಿನಷ್ಟು ಅಗಲ, ಆದರೆ ಒಳ್ಳೆಯ ಭಾರ. ಡಬ್ಬಿ ತುಂಬ ಮನೆಯಲ್ಲೇ ಇತ್ತು. ಚಿಲ್ಟುವಿನ ಎರಡೂ ಶಾಲೆ ಲಂಗದ ಅಂಚಿಗೆ ಸುತ್ತಲೂ ಹಾಕಿ ಹೊಲಿದೆ. "ಇದು ಯಾಕಮ್ಮ?" ಎಂದು ಕೇಳಿದಳು. "ಗಾಳಿಗೆ ಹಾರಬಾರ್ದಲ್ಲ, ಅದಕ್ಕೆ" ಅಂದೆ. "ನಾನಾ, ಲಂಗಾನಾ?" ಅಂದಳು. ಈ ಕಾಲದ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟು ಬೇರೇನೂ ಕಲಿಸುವುದಿಲ್ಲ.

ಜೂನ್ ೧೨, ಗುರುವಾರ

ಶಾಲೆಯಿಂದ ಕರೆ. ಆಟದ ಹೊತ್ತಿನಲ್ಲಿ ಚಿಲ್ಟು ಗಿರಗಿರನೆ ಸುತ್ತಿದ್ದಾಳೆ, ಲಂಗದ ಅಂಚು ಪಕ್ಕದ ಹುಡುಗಿಯ ಮೊಣಕಾಲಿಗೆ ಬಡಿದು ಗಂಟು ಬಂದಿದೆ.

"ಬಟ್ಟೆಯೊಳಗೆ ಏನಿಟ್ಟು ಕಳಿಸಿದ್ದೀರಿ?" ಎಂದು ಟೀಚರ್ ಕೇಳಿದರು.

"ಪರದೆಗೆ ಹಾಕೋ ಭಾರ."

"ಇದು ಪರದೆ ಅಲ್ವಲ್ಲಮ್ಮ, ಮಗು."

ಹೌದೇ, ಗೊತ್ತಿರಲಿಲ್ಲ. ಶಾಲೆ ನೆಲಮಹಡಿಯಲ್ಲಿ ಇಟ್ಟುಕೊಂಡವರಿಗೆ ಬುದ್ಧಿ ಹೇಳುವುದು ಸುಲಭ. ಅರ್ಧ ಬಿಲ್ಲೆಗಳನ್ನು ತೆಗೆಯುತ್ತೇನೆ ಎಂದು ಒಪ್ಪಿಕೊಂಡು ಬಂದೆ. ತೆಗೆಯಲಿಲ್ಲ.

ಜೂನ್ ೧೬, ಸೋಮವಾರ

ಲಿಫ್ಟ್ ಕೆಟ್ಟಿತು. ಅದರ ಯಾವುದೋ ಭಾಗ ದೂರದಿಂದ ಬರಬೇಕಂತೆ. ವಾರಗಳೇ ಹಿಡಿಯಬಹುದಂತೆ. ಇದನ್ನು ಹೇಳುವಾಗ ಮೆಕ್ಯಾನಿಕ್ಕಿನ ಮುಖದಲ್ಲಿ ಎಂಥ ನೆಮ್ಮದಿ!

ಮೆಟ್ಟಿಲುಗಳಿವೆ. ಅವುಗಳ ನಡುವೆ ತಳದವರೆಗೂ ಬಾವಿ ಕೊರೆದಂತೆ ಜಾಗ ಬಿಟ್ಟಿದ್ದಾರೆ. ಏಳನೇ ಮಹಡಿಯಲ್ಲಿ ಅದನ್ನೊಮ್ಮೆ ನೋಡಿದೆ, ನಾಲ್ಕೂ ಕಾಲಿನಲ್ಲಿ ವಾಪಸ್ ಹತ್ತಿದೆ. ಇನ್ನೊಂದು ದಾರಿ, ನಮ್ಮ ಮಹಡಿಯಿಂದ ಎದುರು ಕಟ್ಟಡಕ್ಕೆ ಹೋಗುವ ಸೇತುವೆ. ಅದನ್ನು ದಾಟಿದರೆ ಅವರ ಲಿಫ್ಟ್ ಸಿಗುತ್ತದೆ. ಸೇತುವೆಗೆ ಒಂದು ಕಡೆ ಎದೆಮಟ್ಟದ ಗೋಡೆ, ಇನ್ನೊಂದು ಕಡೆ ಬರೀ ಕಂಬಿ. ಸಿಮೆಂಟು ಮುಗಿದುಹೋಯಿತೋ, ಕಟ್ಟಿದವನಿಗೆ ಕಲೆಯ ಹುಚ್ಚೋ ತಿಳಿಯದು.

ಚಿಲ್ಟುವನ್ನು ಶಾಲೆಗೆ ಬಿಡಬೇಕಿತ್ತು. ಗೋಡೆಗೆ ಬೆನ್ನು ಉಜ್ಜಿಕೊಂಡು, ಅವಳನ್ನು ಹಿಂದಿಟ್ಟುಕೊಂಡು ಹೊರಟೆ. ನಾಲ್ಕು ಹೆಜ್ಜೆಗೆ ಅವಳು ಮುಂದೆ ಬಂದು ಕಂಬಿಯ ಕಡೆ ನಿಂತಳು.

"ಈ ಕಡೆ ಬಾ!"

"ಬೇಡಮ್ಮ, ನಂಗೆ ಕೆಳಗಡೆ ಬೆಕ್ಕು ನೋಡ್ಬೇಕು. ಕೈ ಹಿಡ್ಕೋ."

ಹಿಡಿದುಕೊಂಡೆ. ಗೋಡೆಯ ಕಡೆ ನಾನು, ಕಂಬಿಯ ಕಡೆ ಮಗು. ತಾಯಿಯ ವಾತ್ಸಲ್ಯ ಅಂದರೆ ಇದು. ಆ ತುದಿ ಮುಟ್ಟಿದಾಗ ಇಬ್ಬರ ಅಂಗೈಯೂ ತೊಯ್ದಿತ್ತು. ಬೆವರು ಯಾರದೆಂದು ಕೇಳಿದರೆ ನನ್ನದೇ ಎಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಆದರೆ ಲಿಫ್ಟಿನೊಳಗೆ ಅವಳ ಕಾಲು ನೋಡಿದೆ. ಮಂಡಿಗಳು ನಡುಗುತ್ತಿದ್ದವು.

"ಭಯ ಆಯ್ತಾ?" ಎಂದೆ. ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ "ಇಲ್ಲ" ಅಂದಳು.

ಬೆಕ್ಕು ಇತ್ತೇ ಎಂದು ಕೇಳಲಿಲ್ಲ. ಅವಳು ಕೆಳಗೆ ನೋಡಿರಲೇ ಇಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನೂಲು ಸರಿಯಿಲ್ಲದ ಮೇಲೆ ನೇಯ್ಗೆಯನ್ನು ಬೈದು ಏನು ಪ್ರಯೋಜನ? ಎರಡು ವಾರ ಹಲ್ಲು ಕಚ್ಚಿ ನಗುತ್ತಾ ನಿಂತದ್ದು ಗಾಳಿಗೆ ಹೋಯಿತು. ಇವತ್ತು ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಾ ಅತ್ತೆ. ಸಹಾಯಕಿಗೆ ಈರುಳ್ಳಿ ಎಂದು ಹೇಳುವ ಹಾಗೂ ಇರಲಿಲ್ಲ.

ಜೂನ್ ೧೭, ಮಂಗಳವಾರ

ದಾಟಿದೆವು. ವಾಪಸ್ಸೂ ದಾಟಿದೆವು. ಇವತ್ತಿಗೆ ಇಷ್ಟೇ.

ಜೂನ್ ೨೧, ಶನಿವಾರ

ಅಪ್ಪ ಮನೆಯಿಂದ ಹೊರಗೆ ಕಾಲಿಟ್ಟು ವಾರವಾಯಿತು. ಹಳೆಯ ಮನೆಯಲ್ಲಿ ಸಂಜೆ ಬೀದಿ ಸುತ್ತದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಈಗ ಕೇಳಿದರೆ ಒಂದು ದಿನ ಮಂಡಿ ನೋವು, ಒಂದು ದಿನ ಚಪ್ಪಲಿ ಕಚ್ಚುತ್ತದೆ, ನಿನ್ನೆಯಂತೂ "ಆ ಸೇತುವೆ ಒಂದು ಕಡೆಗೆ ವಾಲಿದೆ ಕಣಮ್ಮ" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಳೆಯ ಕಡೆಗೆ ಬೆನ್ನು ಹಾಕಿ ಕುರ್ಚಿ ಹಾಕಿಕೊಂಡಿದ್ದಾರೆ. ನನಗೆ ಕಾರಣ ಗೊತ್ತು. ಮೋಡದ ಪಕ್ಕ ಕೂತು ಬಂದವರಿಗೆ ಈ ಒಂಬತ್ತನೇ ಮಹಡಿ ಮೋರಿಯ ಕಟ್ಟೆ ಇದ್ದ ಹಾಗೆ. ಮಗಳು ಇಷ್ಟಕ್ಕೇ ಬಿಳಿಚಿಕೊಳ್ಳುವುದನ್ನು ನೋಡಲಾರದೆ ಬೆನ್ನು ತಿರುಗಿಸಿ ಕೂತಿದ್ದಾರೆ.

ಅವರ ಜೊತೆ ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವರೊಬ್ಬರಿದ್ದಾರೆ. ನಾನು ಚಿಕ್ಕಂದಿನಿಂದ ಸನ್ನೆ ಮಾಮ ಎನ್ನುತ್ತೇನೆ. ಎತ್ತು, ಇಳಿಸು, ನಿಲ್ಲು, ಎಲ್ಲವೂ ಕೈಯಲ್ಲೇ. ಇಬ್ಬರೂ ಮೂವತ್ತು ವರ್ಷ ಜೊತೆಗೆ ದುಡಿದರು, ಮಾತಾಡಿದ್ದು ಕಡಿಮೆ. ಹಳೆಯ ಮನೆಗೆ ವಾರಕ್ಕೊಮ್ಮೆ ಬಂದು ಅಪ್ಪನ ಎದುರು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಇವತ್ತು ಫೋನು ಮಾಡಿದ್ದರು. ಮೈಗೆ ಹುಷಾರಿಲ್ಲವಂತೆ. "ನಾನು ಕೆಳಗಿನವನು ಕಣೋ, ನಂಗೆ ಅಷ್ಟೆತ್ತರ ಹತ್ತಕ್ಕಾಗಲ್ಲ. ನೀನೇ ಇಳಿದು ಬಾ" ಎನ್ನುವುದು ನನಗೂ ಕೇಳಿಸಿತು. ಅಪ್ಪ, "ಲಿಫ್ಟ್ ಸರಿ ಹೋಗ್ಲಿ, ಬರ್ತೀನಿ" ಅಂದರು.

ಮೊಮ್ಮಗಳ ಜೊತೆ ಆಟಕ್ಕೇನೂ ಕಡಿಮೆಯಿಲ್ಲ. ಊರುಗೋಲಿಗೆ ದಾರ ಕಟ್ಟಿ, ದಾರಕ್ಕೆ ಕೊಕ್ಕೆ ಕಟ್ಟಿ, ಕುರ್ಚಿಯಲ್ಲಿ ಕೂತೇ ಬಿಸ್ಕತ್ತಿನ ಡಬ್ಬಿ ಎತ್ತುತ್ತಾರೆ. ಚಿಲ್ಟು ಎದುರು ನಿಂತು ಸನ್ನೆ ಮಾಡುತ್ತಾಳೆ. ಬೆರಳು ಸುತ್ತಿಸಿದರೆ ಎತ್ತು. ಅಂಗೈ ಮೆಲ್ಲಗೆ ಆಡಿಸಿದರೆ ನಿಧಾನ. ಮುಷ್ಟಿ ಹಿಡಿದರೆ ನಿಲ್ಲು. ಎರಡೂ ಕೈ ಹೊಟ್ಟೆಯ ಮುಂದೆ ಜೋಡಿಸಿ ಹಿಡಿದರೆ ಕೆಲಸ ಮುಗಿಯಿತು, ಇನ್ನು ಯಾವುದನ್ನೂ ಅಲುಗಾಡಿಸಬೇಡ.

ಜೂನ್ ೨೫, ಬುಧವಾರ

ಸೀಸದ ಬಿಲ್ಲೆಗಳು ಕಡಿಮೆಯಾಗುತ್ತಿವೆ. ಡಬ್ಬಿ ಅರ್ಧಕ್ಕಿಳಿದಿದೆ. ಸಹಾಯಕಿ ಅಳತೆ ಚೀಟಿ ಕೊಡಲು ಎರಡು ಸಲ ಮನೆಗೆ ಬಂದಿದ್ದಳು. "ಬಿಲ್ಲೆ ಏನಾದ್ರೂ ತಗೊಂಡು ಹೋದ್ಯಾ?" ಎಂದು ಕೇಳಿದೆ ಅಷ್ಟೆ. "ಅಕ್ಕ, ಸೀಸ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?" ಎಂದು ಕೆಂಡವಾದಳು. ಇನ್ನು ಒಂದು ವಾರ ಅಳತೆಗೆ ಹೋಗುವುದಿಲ್ಲವಂತೆ, ಬೇಕಾದರೆ ನಾನೇ ಹೋಗಬೇಕಂತೆ.

ಚಿಲ್ಟುವಿನ ಲಂಗ ಮತ್ತೆ ಕೊಡೆಯ ಹಾಗೆ ಹಾರುತ್ತಿದೆ. ಈ ಸಲದ ಸೀಸ ಕಳಪೆ ಎಂದು ಕಾಣುತ್ತದೆ. ಇತ್ತ ನನ್ನ ಲಂಗ ನೋಡಿದರೆ ದಿನದಿನಕ್ಕೂ ಭಾರ. ಉಳಿದ ಪರದೆ ಬಟ್ಟೆಯಲ್ಲಿ ನಾನೇ ಹೊಲಿದುಕೊಂಡ ಉದ್ದ ಬೂದು ಲಂಗ, ಎಷ್ಟು ಗಾಳಿ ಬಂದರೂ ಈಗ ಕದಲುವುದಿಲ್ಲ. ಮಹಡಿ ಮನೆಯ ನೀರು ಬಟ್ಟೆಯನ್ನು ಗಡುಸು ಮಾಡುತ್ತದಂತೆ. ಅಥವಾ ನಾನೇ ದಪ್ಪಗಾಗಿದ್ದೇನೆ. ಒಂದು ಒಳ್ಳೆಯದು, ಸೇತುವೆಯ ಮೇಲೆ ಕಾಲು ಮೊದಲಿನ ಹಾಗೆ ಹಗುರವಾಗಿ ಎಲ್ಲೋ ತೇಲಿದಂತೆ ಅನಿಸುವುದಿಲ್ಲ. ನನ್ನ ನಟನೆಯ ಸಾಧನೆ ಎಂದೇ ಹೇಳಬೇಕು.

ಚಿಲ್ಟುವಿಗೆ ಹೊಲಿಗೆ ಕಲಿಯುವ ಹುಚ್ಚು ಹಿಡಿದಿದೆ. ತಾತನ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಾಳೆ. ಬೆರಳ ತುದಿಯಲ್ಲೆಲ್ಲ ಚುಚ್ಚಿದ ಗುರುತು. ಏನು ಹೊಲಿದೆ ತೋರಿಸು ಎಂದರೆ, "ಇನ್ನೂ ಚೆನ್ನಾಗಿ ಬಂದಿಲ್ಲ" ಎನ್ನುತ್ತಾಳೆ. ಸದ್ಯ, ಆ ಒಂದು ಪ್ರಾಮಾಣಿಕತೆ ಅವಳ ಅಪ್ಪನ ಕಡೆಯಿಂದ ಬಂದಿದೆ.

ಜೂನ್ ೨೭, ಶುಕ್ರವಾರ

ಸಹಾಯಕಿಯ ಸಿಟ್ಟು ಇಳಿಯಲಿಲ್ಲ. ಅಳತೆಗೆ ನಾನೇ ಹೋಗಬೇಕಾಯಿತು. ಹದಿನಾಲ್ಕನೇ ಮಹಡಿ. ಅಂಥ ಮನೆ ನಾನು ಕಂಡಿಲ್ಲ. ಗೋಡೆಯಿಂದ ಗೋಡೆಗೆ ಗಾಜು ಹಾಕಿಸಿದ್ದಾರೆ, ಚೌಕಟ್ಟು ಮಾತ್ರ ಮೇಲೊಂದು ಅಗಲ, ಕೆಳಗೊಂದು ಅಗಲ. ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ. ಆ ಯಜಮಾನಿಗೆ ತಿಳಿ ಹಳದಿ ಬಣ್ಣದ ತೆಳು ಬಟ್ಟೆ ಬೇಕಂತೆ, ಹೊರಗಿನ ನೋಟ ಕಾಣಬೇಕಂತೆ. ಪಶ್ಚಿಮದ ಬಿಸಿಲಿಗೆ ಎರಡೇ ವರ್ಷದಲ್ಲಿ ಬಟ್ಟೆ ಹಪ್ಪಳವಾಗುತ್ತದೆ ಎಂದು ಗಾಜಿಗೆ ಒರಗಿ ನಿಂತು ಅರ್ಧ ಗಂಟೆ ಬುದ್ಧಿ ಹೇಳಿದೆ. ಕೇಳಲಿಲ್ಲ. ದುಡ್ಡಿದ್ದವರ ಕಿವಿ ಅಲಂಕಾರಕ್ಕೆ.

ವಾಪಸ್ ಬರುವಾಗ ಸೇತುವೆಯ ನಡುಮಧ್ಯದಲ್ಲಿದ್ದೆ, ಕೆಳಗೆ ಲಿಫ್ಟಿನ ಮೆಕ್ಯಾನಿಕ್ ಬೀಡಿ ಸೇದುತ್ತಾ ನಿಂತದ್ದು ಕಂಡಿತು. ಕಂಬಿಯ ಮೇಲಿಂದ ಬಗ್ಗಿ, "ಏನಪ್ಪಾ, ಆ ಭಾಗ ಹೊರಟಿತಾ, ಇನ್ನೂ ಹುಟ್ಟೇ ಇಲ್ವಾ?" ಎಂದು ಕೂಗಿದೆ. "ಮುಂದಿನ ವಾರ ಅಕ್ಕಾ" ಎಂದು ಕೈ ಬೀಸಿದ. ಅವನಿಗೂ ಅವನ ಮುಂದಿನ ವಾರಕ್ಕೂ ಬೆಂಕಿ ಬೀಳಲಿ.

ಜುಲೈ ೩, ಗುರುವಾರ

ಬೆಳಿಗ್ಗೆ ಫೋನು ಬಂತು. ಸನ್ನೆ ಮಾಮ ಹೋಗಿಬಿಟ್ಟರು. ನಿದ್ದೆಯಲ್ಲೇ ಹೋದರಂತೆ. ಮಧ್ಯಾಹ್ನಕ್ಕೆ ಮಣ್ಣು ಮಾಡುತ್ತಾರಂತೆ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು, ತಲೆ ಬಾಚಿಕೊಂಡರು, ಕಚ್ಚುತ್ತಿದ್ದ ಚಪ್ಪಲಿಯನ್ನೇ ಮೆಟ್ಟಿಕೊಂಡರು. ಗಂಡ ಆಗಲೇ ಶಾಲೆಗೆ ಹೋಗಿದ್ದರು. ಚಿಲ್ಟುವನ್ನು ಇವತ್ತು ಶಾಲೆಗೆ ಕಳಿಸದೆ ಜೊತೆಗೆ ಕರೆದುಕೊಂಡೆ. ಮೂವರೂ ಹೊರಟೆವು.

ಸೇತುವೆಯ ಬಾಗಿಲಿನವರೆಗೆ ಅಪ್ಪ ಚೆನ್ನಾಗಿಯೇ ನಡೆದರು. ಅಲ್ಲಿ ಚೌಕಟ್ಟಿಗೆ ಕೈ ಕೊಟ್ಟು ನಿಂತರು.

"ಗಾಳಿ ಜಾಸ್ತಿ ಇದೆ" ಅಂದರು.

"ಹೊತ್ತಾಗುತ್ತೆ ಅಪ್ಪ."

"ಒಂದು ನಿಮಿಷ ತಡಿಯಮ್ಮ."

ಎದುರು ಕಟ್ಟಡದ ಹೆಂಗಸೊಬ್ಬಳು ತರಕಾರಿ ಚೀಲ ಹಿಡಿದು ನಮ್ಮನ್ನು ದಾಟಿಕೊಂಡು ಹೋದಳು. ಅಪ್ಪ ಅವಳ ಕಾಲನ್ನೇ ನೋಡುತ್ತಿದ್ದರು. ಚೌಕಟ್ಟು ಹಿಡಿದ ಅವರ ಬೆರಳು ಬೆಳ್ಳಗಾಗಿದ್ದವು. ಆ ಹಿಡಿತ ನನಗೆ ಚೆನ್ನಾಗಿ ಗೊತ್ತು. ಏಣಿಯ ಮೂರನೇ ಮೆಟ್ಟಿಲಿನಲ್ಲಿ ನನ್ನ ಬೆರಳೂ ಹಾಗೇ ಇದ್ದವು.

"ಅಪ್ಪ, ನಿಮ್ಗೆ ಹೆದರಿಕೆನಾ?"

"ಹೂಂ."

ಹುಟ್ಟಿದಾಗಿನಿಂದ ಅಪ್ಪ ನನಗೆ ಹೇಳಿದ ಅತಿ ದೊಡ್ಡ ಸುದ್ದಿ ಅದು.

"ಕ್ರೇನಿನ ಮೇಲೆ?"

"ದಿನಾ."

"ಮತ್ತೆ ಊಟಕ್ಕೂ ಇಳೀತಿರ್ಲಿಲ್ವಲ್ಲ! ಗಡಿಯಾರ ಕೊಟ್ರಲ್ಲ!"

"ಇಳಿದ್ರೆ ಮತ್ತೆ ಹತ್ಬೇಕಲ್ಲಮ್ಮ."

ನಗು ಬಂತು. ನಗುವುದಕ್ಕೆ ಶುರು ಮಾಡಿದೆ, ನಿಲ್ಲಿಸುವಾಗ ಅಳುತ್ತಿದ್ದೆ. ಇಡೀ ಬಾಲ್ಯವನ್ನು ಆ ಗಡಿಯಾರದ ಕೆಳಗೆ ತಲೆ ತಗ್ಗಿಸಿಕೊಂಡು ಕಳೆದಿದ್ದೇನೆ.

"ಮತ್ತೆ ನನ್ನ ಏಣಿಯಿಂದ ಇಳಿಸಿ, ನಿಂಗೆ ಇದೆಲ್ಲ ಬೇಡ ಅಂದಿದ್ದು?"

"ಸಮಾಧಾನ ಆಗಿತ್ತು ಕಣಮ್ಮ. ಹೆದರ್ದೇ ಇರೋ ಇಬ್ರು ನನ್ನ ಕಣ್ಮುಂದೆನೇ ಬಿದ್ದು ಹೋಗಿದ್ರು. ನನ್ನ ಮಗಳಿಗೆ ಹೆದರಿಕೆ ಇದೆ, ಇವಳು ಬದುಕ್ಕೊಳ್ತಾಳೆ ಅಂದ್ಕೊಂಡೆ." ಆಮೇಲೆ ಸೇತುವೆಯ ಕಡೆ ನೋಡಿ, "ನಾನು ಕೆಳಗೆ ನೋಡ್ತಾನೇ ಇರ್ಲಿಲ್ಲ. ಅವನ ಕೈ ಒಂದೇ ನೋಡ್ತಿದ್ದೆ. ಅವನ ಕೈ ಕಂಡ್ರೆ ನೆಲ ಕಂಡ ಹಾಗೆ. ಇಳಿದು ಬಾ ಅಂತ ಅವನೇ ಬಾಯ್ಬಿಟ್ಟು ಕರೆದ. ಲಿಫ್ಟ್ ಸರಿ ಹೋಗ್ಲಿ ಅಂದೆ. ಲಿಫ್ಟಂತೆ! ಈಗ ಯಾರ ಕೈ ನೋಡ್ಕೊಂಡು ಹೋಗ್ಲಿ?" ಅಂದರು. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಇದೇ ಮೊದಲು.

ಚಿಲ್ಟುವಿನ ಕೈಗಾಗಿ ತಡಕಿದೆ. ಸಿಗಲಿಲ್ಲ. ಅವಳು ಪಕ್ಕದಲ್ಲಿ ಇರಲೇ ಇಲ್ಲ. ಒಬ್ಬಳೇ ಸೇತುವೆ ದಾಟಿಬಿಟ್ಟಿದ್ದಳು. ಆ ತುದಿಯಲ್ಲಿ ನಮ್ಮ ಕಡೆಗೆ ತಿರುಗಿ, ಕಾಲು ಅಗಲಿಸಿ ನಿಂತಿದ್ದಳು. ಲಂಗ ಒಂದೇ ಸಮನೆ ಹಾರುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದಳು. ಇನ್ನೊಂದು ಕೈ ಮೇಲೆತ್ತಿ ಅಂಗೈ ಮೆಲ್ಲಗೆ ಆಡಿಸಿದಳು. ನಿಧಾನ. ಬಾ.

ಅಪ್ಪ ನೋಡಿದರು. ಬಿಸ್ಕತ್ತಿನ ಡಬ್ಬಿ ಎತ್ತುವಾಗಲೂ ಅವರು ಹಾಗೇ ನೋಡುತ್ತಿದ್ದರು. ಚೌಕಟ್ಟಿನಿಂದ ಕೈ ಬಿಟ್ಟರು.

ನಾನು ಅವರ ತೋಳು ಹಿಡಿದು ನಡೆದೆ. ಅರ್ಧ ದಾರಿಯಲ್ಲಿ ಗಾಳಿ ಜೋರಾಗಿ ನುಗ್ಗಿತು. ಚಿಲ್ಟು ಮುಷ್ಟಿ ಹಿಡಿದಳು. ಅಪ್ಪ ನಿಂತರು, ನಾನೂ ನಿಂತೆ. ನನ್ನ ಲಂಗದ ಅಂಚು ಕಂಬಿಗೆ ಬಡಿದು ಟಣ್ ಎಂದಿತು. ಬಟ್ಟೆ ಹಾಗೇಕೆ ಸದ್ದು ಮಾಡಿತು ಎಂದು ಯೋಚಿಸಲು ಅದು ಹೊತ್ತಾಗಿರಲಿಲ್ಲ. ಗಾಳಿ ಇಳಿಯಿತು, ಮುಷ್ಟಿ ಬಿಚ್ಚಿತು, ನಡೆದೆವು. ಕೊನೆಯ ಹೆಜ್ಜೆಗೆ ಅವಳು ಎರಡೂ ಕೈ ಹೊಟ್ಟೆಯ ಮುಂದೆ ಜೋಡಿಸಿ ಹಿಡಿದಳು. ಕೆಲಸ ಮುಗಿಯಿತು.

ಲಿಫ್ಟಿನೊಳಗೆ ಅವಳು, "ಅಮ್ಮ, ನೀನು ಇವತ್ತು ಕಂಬಿ ಕಡೆ ಇದ್ದೆ" ಅಂದಳು. ಅಪ್ಪನನ್ನು ಗೋಡೆಯ ಕಡೆ ಬಿಟ್ಟ ಮೇಲೆ ಇನ್ನೆಲ್ಲಿರಲಿ? ಮಕ್ಕಳಿಗೆ ಎಲ್ಲವೂ ಸುದ್ದಿಯೇ.

ಮಾಮನನ್ನು ಹೊರಗೆ ಮಲಗಿಸಿದ್ದರು. ಅಪ್ಪ ಹತ್ತಿರ ಹೋಗಿ ಸ್ವಲ್ಪ ಹೊತ್ತು ಅವರ ಕೈಗಳನ್ನೇ ನೋಡಿದರು. ಆಮೇಲೆ ನೆಟ್ಟಗೆ ನಿಂತು ಎರಡೂ ಕೈ ಹೊಟ್ಟೆಯ ಮುಂದೆ ಜೋಡಿಸಿ ಹಿಡಿದರು. ಅಲ್ಲಿದ್ದವರಿಗೆ ಮುದುಕ ಚಳಿಗೆ ಕೈ ಮುದುಡಿಕೊಂಡ ಹಾಗೆ ಕಂಡಿರಬೇಕು. ಒಬ್ಬರು ಶಾಲು ತಂದು ಹೊದಿಸಿದರು.

ಜುಲೈ ೪, ಶುಕ್ರವಾರ

ಇವತ್ತು ಬೂದು ಲಂಗ ಒಗೆಯಲು ತೆಗೆದಾಗ ಆ ಟಣ್ ನೆನಪಾಯಿತು. ಅಂಚು ತಿರುವಿ ನೋಡಿದೆ. ಮಡಿಕೆಯೊಳಗೆ ಸುತ್ತಲೂ ಸೀಸದ ಬಿಲ್ಲೆಗಳು. ಬೂದು ಬಟ್ಟೆಗೆ ಕೆಂಪು ದಾರ. ಒಂದು ಹೊಲಿಗೆ ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ. ನನ್ನ ಅಂಗಡಿಯಲ್ಲಿ ಯಾರಾದರೂ ಹೀಗೆ ಹೊಲಿದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಆರೋಪಿಯನ್ನು ಕರೆದು ವಿಚಾರಿಸಿದೆ.

"ಯಾವಾಗ ಹಾಕ್ದೆ ಇದನ್ನ?"

"ಲಿಫ್ಟ್ ಕೆಟ್ಟ ಮೇಲೆ. ಒಂದೊಂದೇ. ಒಟ್ಟಿಗೆ ಹಾಕಿದ್ರೆ ನಿಂಗೆ ಗೊತ್ತಾಗುತ್ತೆ ಅಂತ ತಾತ ಹೇಳಿದ್ರು."

ಹಾಗಾದರೆ ಇದು ಒಬ್ಬಳ ಕೆಲಸವಲ್ಲ.

"ನಿನ್ನ ಲಂಗದಲ್ಲಿದ್ದವು ಎಲ್ಲಿ?"

"ಅವನ್ನೇ ಮೊದ್ಲು ಹಾಕಿದ್ದು. ಸಾಲ್ಲಿಲ್ಲ. ಆಮೇಲೆ ಡಬ್ಬೀಲಿ ತಗೊಂಡೆ."

"ಯಾಕೆ?"

"ನೀನು ನಂಗಿಂತ ಜಾಸ್ತಿ ಹಾರಿಹೋಗೋ ಥರ ಇದ್ದೆ."

"ನಿಂಗೆ ಭಯ ಇರ್ಲಿಲ್ವಾ?" ಎಂದೆ.

"ಇತ್ತು. ಆದ್ರೆ ನಿನ್ನ ಕೈ ನಡುಗ್ತಿತ್ತಲ್ಲ, ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳೋ ಅಷ್ಟರಲ್ಲಿ ಲಿಫ್ಟ್ ಬಂದ್ಬಿಡ್ತಿತ್ತು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಒಂದು ತಿಂಗಳು ಮೀಸೆ ತಿರುವಿದ್ದೇನೆ. ಮಣ್ಣು ಎಲ್ಲರಿಗೂ ಕಾಣುತ್ತಿತ್ತು. ಗಂಡನೊಬ್ಬರನ್ನು ಬಿಟ್ಟು, ಅವರು ಹೊಳೆ ನೋಡುತ್ತಿದ್ದರು. ಮಗಳನ್ನು ತಬ್ಬಿಕೊಂಡೆ. ಬಹಳ ಹೊತ್ತು ಬಿಡಲಿಲ್ಲ. "ಅಮ್ಮ, ಉಸಿರು" ಅಂದಳು, ಆಗ ಬಿಟ್ಟೆ.

ಹೊಲಿಗೆ ಬಿಚ್ಚಿ ನೀಟಾಗಿ ಹಾಕೋಣ ಎಂದು ಕತ್ತರಿ ತೆಗೆದುಕೊಂಡವಳು ಹಾಗೇ ಇಟ್ಟೆ. ಅಪ್ಪ ಕುರ್ಚಿಯಿಂದಲೇ ಪ್ಯಾಂಟಿನ ಕಾಲು ಚಾಚಿ, "ಉಳಿದಿದ್ರೆ ನಂಗೂ ಒಂದೆರಡು ಹಾಕ್ಕೊಡು ಮರಿ" ಅಂದರು.

ಸಹಾಯಕಿಯ ಹತ್ತಿರ ಕ್ಷಮೆ ಕೇಳಿದೆ. ಒಪ್ಪಿಕೊಂಡಳು, ಆದರೆ ಎತ್ತರದ ಮನೆಗಳಿಗೆ ಅಕ್ಕನೇ ಹೋಗುವುದು ಒಳ್ಳೆಯದು, ಅಳತೆ ಸರಿಯಾಗಿ ಬರುತ್ತದೆ ಎಂದಳು. ಸಮಯಸಾಧಕಿ.

ಜುಲೈ ೧೦, ಗುರುವಾರ

ಲಿಫ್ಟ್ ಸರಿಯಾಯಿತು. ಮೆಕ್ಯಾನಿಕ್ ಮನೆಮನೆಗೂ ಬಂದು ಹೇಳಿಹೋದ, ತಾನೇ ಹೆತ್ತ ಹಾಗೆ. ಸಂಜೆ ಅಪ್ಪ ಮತ್ತು ಚಿಲ್ಟು ತಿರುಗಾಟಕ್ಕೆ ಹೊರಟರು. ಬಾಗಿಲಲ್ಲಿ ನಿಂತು ನೋಡಿದೆ. ಸರಿಯಾದ ಲಿಫ್ಟನ್ನು ಬಿಟ್ಟು ಸೇತುವೆಯ ಕಡೆ ತಿರುಗಿದರು. ಚಿಲ್ಟು ಮುಂದೆ, ಅಪ್ಪ ಹಿಂದೆ. ತಿಂಗಳಿಡೀ ಲಿಫ್ಟಿಗಾಗಿ ಶಾಪ ಹಾಕಿದವಳು ನಾನು, ಕೇಳುವವರು ಯಾರು?

ಬಚ್ಚಲಿನ ದೀಪ ಕೆಟ್ಟಿದೆ. ಅದಕ್ಕೇ ಬಕೆಟ್ಟನ್ನು ಬಾಲ್ಕನಿಗೆ ತಂದು ಹಾಕಿಕೊಂಡಿದ್ದೇನೆ. ಬೆಳಕು ಚೆನ್ನಾಗಿದೆ. ಐದನೇ ಟೈಲ್ಸ್ ಸ್ವಲ್ಪ ಅಲುಗಾಡುತ್ತಿದೆ, ಇವರಿಗೆ ಹೇಳಿ ಸರಿಮಾಡಿಸಬೇಕು. ಹೊಳೆ ಎಲ್ಲಿ ತಿರುಗುತ್ತದೆ ಎಂದು ಇವರು ಹೇಳಿದ್ದು ತಪ್ಪು. ಅಲ್ಲಲ್ಲ, ಇನ್ನೂ ಸ್ವಲ್ಪ ಎಡಕ್ಕೆ. ಎದ್ದು ನಿಂತರೆ ಸರಿಯಾಗಿ ಕಾಣುತ್ತದೆ.

ಕೆಳಗೆ ಅಪ್ಪ, ಚಿಲ್ಟು ಹೋಗುತ್ತಿದ್ದಾರೆ. ಚಿಲ್ಟು ತಲೆ ಎತ್ತಿ ನನ್ನ ಕಡೆ ನೋಡಿ ಮುಷ್ಟಿ ಹಿಡಿದು ತೋರಿಸುತ್ತಿದ್ದಾಳೆ. ನಿಲ್ಲು, ಅಂತ. ಈಗ ಅಪ್ಪನೂ ಮುಷ್ಟಿ ಎತ್ತಿದ್ದಾರೆ. ಇಬ್ಬರಿಗೂ ಏನಾಯಿತೋ, ನಾನು ಸುಮ್ಮನೆ ಕಂಬಿಗೆ ಹೊಟ್ಟೆ ಆನಿಸಿಕೊಂಡು ಬರೆಯುತ್ತಿದ್ದೇನೆ, ಅಷ್ಟೆ.